ಕಚ್ಚಾ ಹೊಲಿದ ಗಾಜಿನ ಕೋಣೆ

ಫೆಬ್ರವರಿ ೩, ಮಂಗಳವಾರ

ವಕೀಲರು ಬೆಳಿಗ್ಗೆ ಒಂಬತ್ತಕ್ಕೇ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಬೀದಿಯಲ್ಲಿ ಬಿಸಿಲು ಬಿದ್ದಿದ್ದ ಒಂದು ತುಂಡು ಜಾಗ ಹುಡುಕಿ ನಿಂತು, ಎರಡೂ ತೋಳು ಮುಂದೆ ಚಾಚಿ, "ಅಮ್ಮಾ, ಇದರಲ್ಲಿ ಕರೀದು ಯಾವುದು, ನೀವೇ ಹೇಳಿ" ಎಂದರು. ಬಲತೋಳು ಕಪ್ಪು. ಎಡತೋಳು ಕಡುನೀಲಿ. ನಾನೇ ಕತ್ತರಿಸಿ, ನಾನೇ ಕೂರಿಸಿ, ನಾನೇ ಇಸ್ತ್ರಿ ಹಾಕಿ ಕೊಟ್ಟ ಕೋಟು. ಅದನ್ನು ತೊಟ್ಟು ಅವರು ಮೂರು ದಿನ ಕೋರ್ಟಿನಲ್ಲಿ ವಾದ ಮಾಡಿದ್ದಾರೆ. ನಾಲ್ಕನೇ ದಿನ ಎದುರು ಪಾರ್ಟಿಯ ವಕೀಲ ನಕ್ಕನಂತೆ.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮೂವತ್ತೆಂಟು ವರ್ಷದಲ್ಲಿ ತಪ್ಪೇ ಮಾಡಿಲ್ಲ ಎಂದಲ್ಲ. ಗುಂಡಿಯ ಕಾಜಾ ಎಡಕ್ಕೆ ಬದಲು ಬಲಕ್ಕೆ ಕತ್ತರಿಸಿದ್ದೇನೆ, ಜೇಬು ತಲೆಕೆಳಗಾಗಿ ಹೊಲಿದಿದ್ದೇನೆ. ಆದರೆ ಕಪ್ಪು ಯಾವುದು ನೀಲಿ ಯಾವುದು ಗೊತ್ತಾಗದೆ ಹೋದದ್ದು ಇದೇ ಮೊದಲು. ಅಂದರೆ ಅದೇ ದಿನ ನನ್ನಲ್ಲಿ ನೀಲಿ ಕೋಟು ಹೊಲಿಸಿಕೊಂಡ ಇನ್ನೊಬ್ಬ ಪುಣ್ಯಾತ್ಮನಿಗೆ ಕರಿತೋಳು ಹೋಗಿದೆ. ಆತ ಇನ್ನೂ ಬಂದಿಲ್ಲ.

ತಪ್ಪು ನನ್ನ ಕೈಯದಲ್ಲ, ಈ ಮುಂದಿನ ಕೋಣೆಯದು. ಎದುರಿಗೆ ಮೂರು ಮಹಡಿ ಎದ್ದ ಮೇಲೆ ಇಲ್ಲಿ ಮಧ್ಯಾಹ್ನಕ್ಕೂ ದೀಪ ಬೇಕು. ದೀಪದಲ್ಲಿ ಕಪ್ಪೂ ನೀಲಿಯೂ ಅವಳಿಜವಳಿ. ಆದ್ದರಿಂದ ತೀರ್ಮಾನ ಮಾಡಿದ್ದೇನೆ: ಹಿತ್ತಲಲ್ಲಿ ಗಾಜಿನ ಕೋಣೆ ಕಟ್ಟಿಸುತ್ತೇನೆ. ಹಿಂದಿನ ಗೋಡೆಗೆ ಹೊಂದಿಕೊಂಡು, ಮೂರು ಕಡೆ ಗಾಜು, ಮೇಲೂ ಗಾಜು. ನನ್ನ ಹತ್ತಡಿ ಮೇಜು ಅಲ್ಲಿಗೆ ಹೋಗಬೇಕು. ಈ ಹಳೇ ಅಳತೆ ಪುಸ್ತಕದ ಹಿಂಭಾಗದಲ್ಲಿ ಖಾಲಿ ಹಾಳೆಗಳಿವೆ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಬರೆದ ಮೇಲೆ ಮಾತು ಬದಲಾಯಿಸಲು ನನಗೇ ನಾಚಿಕೆಯಾಗುತ್ತದೆ.

ಫೆಬ್ರವರಿ ೫, ಗುರುವಾರ

ಕಣ್ಣಿನ ಡಾಕ್ಟರಲ್ಲಿಗೆ ಹೋಗಿದ್ದೆ. ಕನ್ನಡಕ ಇನ್ನೂ ದಪ್ಪ ಮಾಡಿ ಪ್ರಯೋಜನ ಇಲ್ಲವಂತೆ. "ಹಗಲು ಬೆಳಕಲ್ಲಿ ಕೂತು ಕೆಲಸ ಮಾಡಿದ್ರೆ ಇನ್ನೂ ಹತ್ತು ವರ್ಷ ಹೊಲೀಬಹುದು. ಹೀಗೇ ಕತ್ತಲಲ್ಲಿ ಕೂತ್ರೆ ಇವತ್ತೇ ಸೂಜಿ ಎತ್ತಿಡಿ" ಎಂದರು. ಸೂಜಿ ಎತ್ತಿಡುವ ಮಾತು ಅವರಿಗೆ ಎಷ್ಟು ಸುಲಭ.

ಯಜಮಾನರಿಗೆ ಗಾಜಿನ ಕೋಣೆಯ ವಿಷಯ ಹೇಳಿದೆ. ಇವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾಗಿ ಆರು ವರ್ಷವಾಯಿತು, ಇನ್ನೂ ಮನೆಯಲ್ಲಿ ಯಾರಾದರೂ ಬಾಗಿಲಿಗೆ ಅಡ್ಡ ನಿಂತರೆ "ಒಳಗೆ ಹೋಗಿ, ಒಳಗೆ ಹೋಗಿ" ಎನ್ನುತ್ತಾರೆ. ಎಲ್ಲ ಕೇಳಿಸಿಕೊಂಡು, "ಸರಿ, ಗಿರಾಕಿಗಳು ಕೋಟು ಹಾಕಿ ಬಿಚ್ಚಿ ಟ್ರಯಲ್ ನೋಡೋದೂ ಗಾಜಿನ ರೂಮಲ್ಲೇನಾ? ಊರಿಗೆಲ್ಲ ಟಿಕೆಟ್ ಹರೀಬಹುದು" ಎಂದು ನಕ್ಕರು. ನಾನು ನಗಲಿಲ್ಲ. ಆಮೇಲೆ ತಲೆ ಕೆರೆದುಕೊಂಡು ನಿಜವಾದ ವಿಷಯಕ್ಕೆ ಬಂದರು. ಮನೆ ಮಾವನವರು ಇಬ್ಬರು ಮಕ್ಕಳ ಹೆಸರಿಗೂ ಬರೆದು ಹೋಗಿದ್ದಾರೆ. ನಗರಸಭೆಯ ಕಟ್ಟಡ ವಿಭಾಗದ ಅರ್ಜಿಯಲ್ಲಿ ಇವರ ಸಹಿ ಇದ್ದರೆ ಸಾಲದು, ನಾದಿನಿಯದೂ ಬೇಕು.

ಅದೇನು ಮಹಾ ಎಂದೆ. ಇವರು ಮತ್ತೆ ತಲೆ ಕೆರೆದುಕೊಂಡರು.

ಫೆಬ್ರವರಿ ೮, ಭಾನುವಾರ

ಊಟಕ್ಕೆ ಕೂತಾಗ ಅರ್ಜಿ ತಂದು ನಾದಿನಿಯ ತಟ್ಟೆಯ ಪಕ್ಕ ಇಟ್ಟೆ. ಪೆನ್ನೂ ಇಟ್ಟೆ. ನನ್ನ ಕಣ್ಣಿನ ವಿಷಯ, ವಕೀಲರ ತೋಳಿನ ವಿಷಯ, ಎಲ್ಲ ಹೇಳಿದೆ. ಅವಳು ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದಿ, ಮಡಿಸಿ, "ನೋಡೋಣ ಅತ್ತಿಗೆ" ಎಂದಳು.

ನನಗಿಂತ ಮೂರು ವರ್ಷ ಚಿಕ್ಕವಳು ನಮ್ಮ ನಾದಿನಿ. ಮದುವೆ ಮಾಡಿಕೊಳ್ಳಲಿಲ್ಲ. ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಮೂವತ್ತು ವರ್ಷ ಕೂತು, ಬದುಕಿನಲ್ಲಿ ಆಡಬೇಕಾದ ಮಾತನ್ನೆಲ್ಲ ಅಲ್ಲೇ ಆಡಿ ಮುಗಿಸಿಕೊಂಡು ಬಂದಿದ್ದಾಳೆ ಎಂದು ಕಾಣುತ್ತದೆ. ಅಣ್ಣ ಅವಳನ್ನು ಈಗಲೂ ಪುಟ್ಟಿ ಎನ್ನುತ್ತಾರೆ. ಹಿಂದುಗಡೆ ಅಡುಗೆಮನೆಯ ಪಕ್ಕದ ಕೋಣೆ ಅವಳದು. ಮೂವತ್ತನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೇವೆ, ಒಂದು ದಿನ ಜಗಳ ಆಡಿದವಳಲ್ಲ. ಅದೇ ನನ್ನ ದೂರು. ಜಗಳ ಆಡುವವರ ಹತ್ತಿರ ಮಾತು ಮುಗಿಸಬಹುದು. ಹೂಂ ಅನ್ನದ ಉಹೂಂ ಅನ್ನದ ಹೆಂಗಸಿನ ಹತ್ತಿರ ಏನು ಮಾಡುವುದು?

ಫೆಬ್ರವರಿ ೧೨, ಗುರುವಾರ

ಮೇಸ್ತ್ರಿಯನ್ನು ಕರೆಸಿದೆ. ಸಹಿ ಇವತ್ತಲ್ಲ ನಾಳೆ ಬರುತ್ತದೆ, ಕೆಲಸ ಯಾಕೆ ನಿಲ್ಲಬೇಕು. ನಾನು ಆಗಲೇ ಕೋಟಿನ ನಕ್ಷೆ ಬರೆಯುವ ಕಂದು ಕಾಗದದಲ್ಲಿ ಗಾಜಿನ ಕೋಣೆ ಬರೆದಿಟ್ಟಿದ್ದೆ. ಹದಿನಾರಡಿ ಉದ್ದ, ಒಂಬತ್ತಡಿ ಅಗಲ, ಹಿಂದಿನ ಗೋಡೆ ಪೂರ್ತಿ. ಮೇಸ್ತ್ರಿ ಕಾಗದ ತಿರುಗಿಸಿ ತಿರುಗಿಸಿ ನೋಡಿ, "ಇದು ಮನೇನೋ ಪ್ಯಾಂಟೋ ಅಮ್ಮಾ? ಈ ಚುಕ್ಕೆ ಗೆರೆ ಏನು?" ಎಂದ. ಅದು ಸಡಿಲು ಎಂದೆ. ಮೈಗೆ ಎಷ್ಟಿದೆಯೋ ಅಷ್ಟೇ ಹೊಲಿದರೆ ಕೈ ಎತ್ತಲು ಆಗುವುದಿಲ್ಲ, ಮೇಜಿನ ಸುತ್ತಲೂ ಎರಡಡಿ ಸಡಿಲು ಬೇಕು ಎಂದು ವಿವರಿಸಿದೆ. ಆತನಿಗೆ ಅರ್ಥವಾಯಿತು. ಕೆಲಸ ಬಲ್ಲ ಮನುಷ್ಯ.

ಗೋಡೆಯ ಹತ್ತಿರ ನಿಂತು, "ಈ ಕಿಟಕಿ?" ಎಂದ. ಅದು ನಾದಿನಿಯ ಕೋಣೆಯ ಕಿಟಕಿ. ನನ್ನ ನಕ್ಷೆಯಲ್ಲಿ ಅದನ್ನು ಎರಡು ಸಣ್ಣ ಗುರುತಾಗಿ ಹಾಕಿದ್ದೆ, ಜೇಬಿಗೆ ಹಾಕುವ ಹಾಗೆ. ಆ ಗೋಡೆಗೆ ಮೇಜು ಬರಬೇಕು, ಮೇಲೆ ಕೋಟುಗಳ ರಾಡು ಬರಬೇಕು.

"ಮುಚ್ಚಿಬಿಡಿ" ಎಂದೆ.

"ಆ ರೂಮಿಗೆ ಬೇರೆ ಕಿಟಕಿ ಇದ್ಯಾ?"

"ಇಲ್ಲ. ಬಾಗಿಲಿದೆಯಲ್ಲ."

ಆಗ ಕಿಟಕಿ ತೆರೆದೇ ಇತ್ತು, ನಾದಿನಿ ಒಳಗೇ ಇದ್ದಳು. ಕೇಳಿಸಿರಬಹುದು. ಕೇಳಿಸಲಿ, ಇದರಲ್ಲಿ ಮುಚ್ಚುಮರೆ ಏನಿದೆ. ಅವಳ ಕಣ್ಣು ಚೆನ್ನಾಗಿದೆ, ಓದುವುದು ಬಿಟ್ಟರೆ ಅವಳಿಗೆ ಬೆಳಕಿನ ಕೆಲಸವೂ ಇಲ್ಲ.

ಫೆಬ್ರವರಿ ೧೩, ಶುಕ್ರವಾರ

ಸಹಿ ಕೇಳಿದೆ. ನೋಡೋಣ.

ಫೆಬ್ರವರಿ ೧೭, ಮಂಗಳವಾರ

ಬೆಳಿಗ್ಗೆ ಮತ್ತೆ ಸಹಿ ಕೇಳಿದೆ, ಮತ್ತೆ ನೋಡೋಣ. ಇವರ ಮೇಲೆ ಹರಿಹಾಯ್ದೆ. ತಂಗಿಗೆ ಒಂದು ಮಾತು ಹೇಳಲು ಆಗುವುದಿಲ್ಲವೇ ಎಂದೆ. ಇವರದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ನಿನ್ನ ಕಣ್ಣೂ ಮುಖ್ಯ, ಅವಳ ರೂಮೂ ಮುಖ್ಯ. "ಹೆಂಡತಿಗೂ ತಂಗಿಗೂ ಒಂದೇ ಸೀಟಿಗೆ ಟಿಕೆಟ್ ಕೊಟ್ಟರೆ ಮುಗೀತಾ?" ಎಂದು ಕೇಳಿದೆ. ಇವರಿಗೂ ಸಿಟ್ಟು ಬಂತು.

"ಅವಳನ್ನ ಕೇಳು."

"ಮೂರು ಸಲ ಕೇಳಿದೀನಿ."

"ಸಹಿ ಕೇಳಿದೀಯ" ಎಂದು ಎದ್ದು ಹೋದರು.

ಎರಡಕ್ಕೂ ಏನು ವ್ಯತ್ಯಾಸವೋ. ನೀಲಿ ಕೋಟಿನವನು ಬಂದಿದ್ದ. ಆತನಿಗೆ ತೋಳು ಬೇರೆ ಎಂದು ಗೊತ್ತೇ ಆಗಿಲ್ಲ, ಗುಂಡಿ ಬಿಚ್ಚಿಕೊಂಡಿದೆ ಎಂದು ತಂದ. ನಾನೇ ಹೇಳಿ, ಕೋಟು ಇಟ್ಟುಕೊಂಡೆ.

ಫೆಬ್ರವರಿ ೧೯, ಗುರುವಾರ

ದಾರಿ ಹೊಳೆಯಿತು. ಇಷ್ಟು ದಿನ ಹೊಳೆಯದಿದ್ದದ್ದೇ ಆಶ್ಚರ್ಯ. ನನಗೆ ಹೊಲಿಗೆ ಹೇಳಿಕೊಟ್ಟ ಗುರುಗಳು ಕಲಿಸಿದ ಮೊದಲ ಪಾಠ: ಗಿರಾಕಿಯ ಮೈಮೇಲೆ ಕಚ್ಚಾ ಹೊಲಿಗೆ ನಿಲ್ಲಿಸದೆ ಪಕ್ಕಾ ಹೊಲಿಗೆ ಹಾಕಬೇಡ. ಬಿಳಿ ದಾರದಲ್ಲಿ ದೊಡ್ಡ ದೊಡ್ಡ ಟಾಕ ಹಾಕಿ, ತೊಡಿಸಿ, ನಡೆಸಿ, ಕೂರಿಸಿ ನೋಡಬೇಕು. ಬಿಚ್ಚಿದರೆ ಬಟ್ಟೆಗೆ ನೋವಾಗುವುದಿಲ್ಲ. ಕೋಣೆಯನ್ನೂ ಹಾಗೇ ಕಚ್ಚಾ ಹಾಕಿ ತೋರಿಸುತ್ತೇನೆ. ಕಣ್ಣಾರೆ ಕಂಡ ಮೇಲೆ ಅವಳು ಇನ್ನೂ ಹೇಗೆ ನೋಡೋಣ ಎನ್ನುತ್ತಾಳೋ ನೋಡುತ್ತೇನೆ.

ಮನೆಯಲ್ಲಿದ್ದ ಹಳೇ ಬಿಳಿ ಹಾಸಿಗೆ ಬಟ್ಟೆಗಳನ್ನೆಲ್ಲ ಎಣಿಸಿದೆ. ಹನ್ನೊಂದಿವೆ. ಸಾಲದಿದ್ದರೆ ಕೋಟಿನ ಒಳಗೆ ಹಾಕುವ ಅಸ್ತರಿ ಬಟ್ಟೆ ಇದೆ. ಇವರಿಗೆ ಕಂಬ ನೆಡಲು ಗುಂಡಿ ತೋಡುವ ಕೆಲಸ ಕೊಟ್ಟಿದ್ದೇನೆ. "ಹೊಲಿಗೆ ಯಂತ್ರದವಳನ್ನ ಕಟ್ಟಿಕೊಂಡು ಡೇರೆ ಕಂಪನಿ ಸೇರಿದ ಹಾಗಾಯ್ತು" ಎಂದು ಗೊಣಗಿದರು, ತೋಡಿದರು.

ಫೆಬ್ರವರಿ ೨೧, ಶನಿವಾರ

ನಿಂತಿತು. ಹದಿನಾರಡಿ, ಒಂಬತ್ತಡಿ, ಒಂದಂಗುಲ ಆಚೀಚೆ ಇಲ್ಲ. ಕಂಬಕ್ಕೆ ಹಗ್ಗ, ಹಗ್ಗಕ್ಕೆ ಬಟ್ಟೆ, ಬಟ್ಟೆಗೆ ಬಟ್ಟೆ ಬಿಳಿ ದಾರದಲ್ಲಿ ಟಾಕ. ಮೇಜು ಹೊರಗೆ ತರಲು ಮೇಸ್ತ್ರಿ ಮತ್ತು ಆತನ ಇಬ್ಬರು ಕೆಲಸದವರ ಜತೆ ಇವರೂ ಹೆಗಲು ಕೊಡಬೇಕಾಯಿತು. ಗುರುಗಳು ಕೆಲಸ ನಿಲ್ಲಿಸಿದ ದಿನ ನನಗೆ ಕೊಟ್ಟ ಮೇಜು, ಮರ ಇನ್ನೂ ಕಬ್ಬಿಣದ ಹಾಗಿದೆ. ಕಚ್ಚಾ ಎಂದರೆ ಪೂರ್ತಿ ಕಚ್ಚಾ, ಆದ್ದರಿಂದ ನಾದಿನಿಯ ಕಿಟಕಿಗೂ ಒಂದು ಬಟ್ಟೆ ಬಿಗಿದು, ಮುಂದೆ ಕೋಟಿನ ರಾಡು ನಿಲ್ಲಿಸಿದೆ.

ಮಧ್ಯಾಹ್ನ ಕೂತು ವಕೀಲರ ಕೋಟಿನ ತೋಳು ಬಿಚ್ಚಿದೆ. ಏನು ಬೆಳಕು. ಬಿಳಿ ಬಟ್ಟೆಯಿಂದ ಸೋಸಿ ಬಂದ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬೀಳುತ್ತದೆ, ಬೆರಳಿನ ನೆರಳೂ ಬೀಳುವುದಿಲ್ಲ. ಕರಿ ಬಟ್ಟೆಯ ಮೇಲೆ ಕರಿ ದಾರದ ಒಂದೊಂದು ಟಾಕವೂ ಕಂಡಿತು. ಸೂಜಿಗೆ ದಾರ ಮೊದಲ ಸಲಕ್ಕೇ ಹೋಯಿತು. ನಾನು ಮುದುಕಿಯಾಗಿಲ್ಲ, ಕತ್ತಲಲ್ಲಿದ್ದೆ ಅಷ್ಟೆ. ಸಂತೋಷಕ್ಕೆ ಒಬ್ಬಳೇ ನಕ್ಕೆ.

ಈ ಕೋಣೆ ನನಗೆ ಬೇಕೇ ಬೇಕು. ಜಪ್ಪಯ್ಯ ಎಂದರೂ ಬಿಡುವುದಿಲ್ಲ.

ಫೆಬ್ರವರಿ ೨೪, ಮಂಗಳವಾರ

ನಾದಿನಿ ಬಂದಳು. ಅವಳ ಕೋಣೆಯಿಂದ ಹಿತ್ತಲಿಗೆ ಬರಲು ನಡುಮನೆ, ಅಡುಗೆಮನೆ ಎಲ್ಲ ಸುತ್ತಿ ಬರಬೇಕು. ಬಟ್ಟೆಯ ಬಾಗಿಲು ಸರಿಸಿ ನಿಂತು ನೋಡಿದಳು. ನಾನು ಅರ್ಜಿಯ ಮಾತೆತ್ತಲಿಲ್ಲ, ಅಷ್ಟು ಬುದ್ಧಿ ಬಂದಿದೆ. ನೀಲಿ ಕೋಟಿನ ಕರಿತೋಳು ಬಿಚ್ಚುವುದು ಬಾಕಿ ಇತ್ತು.

"ಕೊಡು, ನಾನು ಬಿಚ್ತೀನಿ" ಎಂದಳು.

ಬೇಡ ಎನ್ನಬೇಕೆಂದಿದ್ದೆ. ಹೊಲಿಗೆ ಬಿಚ್ಚುವುದು ಹೊಲಿಯುವುದಕ್ಕಿಂತ ನಾಜೂಕಿನ ಕೆಲಸ, ಅವಸರದವರು ಬಟ್ಟೆಯನ್ನೇ ಸೀಳುತ್ತಾರೆ. ಆದರೆ ಅವಳು ಕೂತ ರೀತಿ ನೋಡಿ ಸುಮ್ಮನಾದೆ. ಒಂದು ಟಾಕ ಬಿಟ್ಟು ಒಂದು ಟಾಕ ಕತ್ತರಿಸಿ, ದಾರದ ತುದಿ ಹಿಡಿದು ಮೆಲ್ಲಗೆ ಎಳೆದಳು. ತೋಳು ತಾನಾಗಿ ಕಳಚಿತು. ಒಂದು ಎಳೆ ಕೂಡ ಮುರಿದಿರಲಿಲ್ಲ. ಎಲ್ಲಿ ಕಲಿತೆ ಎಂದರೆ, "ಬೋರ್ಡಲ್ಲಿ ನೂರಾರು ವೈರು ಇರ್ತಿದ್ವು ಅತ್ತಿಗೆ. ಒಂದನ್ನ ಎಳೆದ್ರೆ ಇನ್ಯಾರದೋ ಮಾತು ಕಟ್ಟಾಗೋದು" ಎಂದಳು. ಮೂವತ್ತನಾಲ್ಕು ವರ್ಷದಲ್ಲಿ ಅವಳು ನನ್ನ ಹತ್ತಿರ ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಇದಿರಬೇಕು.

ಫೆಬ್ರವರಿ ೨೬, ಗುರುವಾರ

ದಿನಾ ಬರುತ್ತಾಳೆ. ಬಾಯಿ ಬೇರೆ ಬಂದಿದೆ. ನನ್ನ ಕೆಲಸ ಹಿಂದೆ ಬೀಳುತ್ತಿದೆ, ಎರಡು ಕೋಟು ಮುಗಿಯಬೇಕಾದ ಕಡೆ ಒಂದು ಮುಗಿಯುತ್ತದೆ.

ಇವತ್ತು ಹೇಳಿದ ಕಥೆ ಬರೆದಿಡಬೇಕು. ದಿನಾ ಸಂಜೆ ನಾಲ್ಕಕ್ಕೆ ಒಬ್ಬ ಮುದುಕ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದನಂತೆ. ಏಳನೇ ವಾರ್ಡಿಗೆ ಕೊಡಿ, ನನ್ನ ಹೆಂಡತಿ ಹತ್ತಿರ ಮಾತಾಡಬೇಕು ಎನ್ನುತ್ತಿದ್ದನಂತೆ. ಹೆಂಡತಿ ತೀರಿಕೊಂಡು ತಿಂಗಳಾಗಿತ್ತು. ಅವನಿಗೂ ಗೊತ್ತು. ಬೇರೆ ಆಪರೇಟರುಗಳು ಅವರಿಲ್ಲ ಎಂದು ಇಟ್ಟುಬಿಡುತ್ತಿದ್ದರು.

"ನೀನೇನು ಹೇಳ್ತಿದ್ದೆ?"

"ಲೈನ್ ಸಿಗ್ತಿಲ್ಲ, ನಾಳೆ ನೋಡೋಣ ಅಂತಿದ್ದೆ. ಎರಡು ವರ್ಷ ಅಂದೆ. ಇಲ್ಲ ಅನ್ನೋಕೆ ನನಗೆ ಬಾಯೇ ಬರಲ್ಲ ಅತ್ತಿಗೆ. ಯಾರಿಗೂ ಅಂದಿಲ್ಲ."

ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ಬೆಳಕಿದ್ದೂ ಕಾಜಾ ಮಸುಕಾಯಿತು, ಬಿಟ್ಟು ಮತ್ತೆ ಶುರು ಮಾಡಬೇಕಾಯಿತು. ಆಮೇಲೆ ಇವರು ಬಂದು, "ಏನು, ಇಬ್ಬರೂ ಮೂಗು ಒರೆಸ್ತಿದೀರಿ, ಇದು ಹೊಲಿಗೆ ರೂಮೋ ಸಿನಿಮಾ ಹಾಲೋ" ಎಂದರು. ಪುಟ್ಟಿ ನಕ್ಕಳು. ಅವಳ ನಗು ಕೆಟ್ಟದಾಗಿಲ್ಲ, ಸ್ವಲ್ಪ ಗೊರಗೊರ ಎನ್ನುತ್ತದೆ.

ಮಾರ್ಚ್ ೧, ಭಾನುವಾರ

ಗಾಳಿಗೆ ಮೇಲಿನ ಎರಡು ಬಟ್ಟೆ ಕಿತ್ತುಹೋದವು. ಪುಟ್ಟಿ ಹಗ್ಗ ಹಿಡಿದಳು, ನಾನು ಸ್ಟೂಲ್ ಹತ್ತಿ ಟಾಕ ಹಾಕಿದೆ.

ಮಾರ್ಚ್ ೩, ಮಂಗಳವಾರ

ಸಹಿ ಆಯಿತು. ನಾನು ಕೇಳಲೇ ಇಲ್ಲ. ಬೆಳಿಗ್ಗೆ ಮೇಜಿನ ಮೇಲೆ ಅರ್ಜಿ ಇತ್ತು, ಮೇಲೆ ಕತ್ತರಿ ಇಟ್ಟಿದ್ದಳು, ಹಾರಿಹೋಗಬಾರದು ಎಂದು. ಇವರ ಸಹಿಯ ಕೆಳಗೆ ಅವಳ ಸಹಿ, ದುಂಡಗೆ, ಶಾಲೆ ಮಕ್ಕಳ ಹಾಗೆ. ತಲೆಯ ಮೇಲಿನ ಭಾರ ಇಳಿದ ಹಾಗಾಯಿತು. ಮೇಸ್ತ್ರಿಗೆ ಸೋಮವಾರ ಬಾ ಎಂದು ಫೋನ್ ಮಾಡಿದೆ. ಗೆದ್ದೆ.

ಬ್ಯಾಂಕಿನ ಮ್ಯಾನೇಜರಮ್ಮನ ಟ್ರಯಲ್ ಇತ್ತು. ಆಕೆ ಕೋಟು ಹಾಕಿಕೊಂಡು ಬಿಚ್ಚಿಕೊಂಡು ಒಂದು ಗಂಟೆ ತಿಂದರು. ಟ್ರಯಲ್ ಇದ್ದಾಗ ಪುಟ್ಟಿ ಹೊರಗೆ ಬರುವುದಿಲ್ಲ. ಆಕೆ ಹೋದ ಮೇಲೆ, ಹನ್ನೊಂದು ಗಂಟೆಗೆ, ಥ್ಯಾಂಕ್ಸ್ ಹೇಳಿ ಬರೋಣ ಎಂದು ಅವಳ ಕೋಣೆಗೆ ಹೋದೆ. ಆ ಕೋಣೆಯೊಳಗೆ ನಾನು ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ಏನಿದ್ದರೂ ಬಾಗಿಲಲ್ಲೇ ನಿಂತು ಕೂಗುವವಳು ನಾನು.

ಹಗಲು ಹನ್ನೊಂದಕ್ಕೆ ದೀಪ ಉರಿಯುತ್ತಿತ್ತು. ಕಿಟಕಿ ಇದ್ದ ಕಡೆ ಬಿಳಿ ಬಟ್ಟೆ, ಅದರ ಹಿಂದೆ ಕೋಟುಗಳ ನೆರಳು ಸಾಲಾಗಿ ಜನ ನಿಂತ ಹಾಗೆ. ಮಂಚ ಮೊದಲು ಕಿಟಕಿಯ ಕೆಳಗಿತ್ತು. ಈಗ ಅದನ್ನು ಎಳೆದು ಆಚೆ ಗೋಡೆಗೆ ಹಾಕಿಕೊಂಡಿದ್ದಾಳೆ, ತಲೆ ಬಾಗಿಲ ಕಡೆ. ಪುಸ್ತಕದ ಶೆಲ್ಫನ್ನು ಕಿಟಕಿಯ ಮುಂದಕ್ಕೇ ತಳ್ಳಿಟ್ಟಿದ್ದಾಳೆ. ಅವಳು ಗೋಡೆಗೆ ಮುಖ ಮಾಡಿ ಕೂತು, ದೀಪದ ಬೆಳಕಲ್ಲಿ ನನ್ನದೇ ಯಾವುದೋ ಕೋಟಿನ ಅಸ್ತರಿ ಬಿಚ್ಚುತ್ತಿದ್ದಳು.

"ಮಂಚ ಯಾಕೆ ತಿರುಗಿಸಿದೆ?"

"ಅಭ್ಯಾಸ ಆಗ್ಲಿ ಅಂತ ಅತ್ತಿಗೆ. ಹೇಗೂ ಮುಚ್ಚೋದು ತಾನೆ."

ಥ್ಯಾಂಕ್ಸ್ ಹೇಳಲಿಲ್ಲ. ತಿರುಗಿ ಬಂದೆ.

ಮಾರ್ಚ್ ೪, ಬುಧವಾರ

ಇವತ್ತು ಒಂದು ಟಾಕ ಹಾಕಿಲ್ಲ. ಮುದುಕನ ಕಥೆ ಹೇಳಿದಾಗಲೇ ಹೇಳಿದ್ದಳು, ಇಲ್ಲ ಅನ್ನಲು ಬಾಯಿ ಬರುವುದಿಲ್ಲ ಎಂದು. ನಾನು ಕೂತು ಅತ್ತೆ, ಕೇಳಿಸಿಕೊಳ್ಳಲಿಲ್ಲ. ನೋಡೋಣ ಎಂದೇ ಅವಳು ಮೂರು ಸಲ ಬೇಡ ಎಂದಿದ್ದಾಳೆ. ನಾಲ್ಕನೇ ಸಲ, ನನ್ನ ಜತೆ ಒಂದು ವಾರ ಕೂತು ಮಾತಾಡಿದ ಋಣಕ್ಕೋ ಏನೋ, ಸಹಿ ಮಾಡಿ ಕತ್ತಲಿಗೆ ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆ. ನಾನು ಒಂದು ತಿಂಗಳಿಂದ ಕತ್ತಲು ಕತ್ತಲು ಎಂದು ಊರಿಗೆಲ್ಲ ಸಾರಿದವಳು, ಪಕ್ಕದ ಕೋಣೆಗೆ ಅದನ್ನು ನಾನೇ ತಂದಿಟ್ಟೆ. ನನ್ನ ಬಗ್ಗೆ ನನಗೇ ಅಸಹ್ಯವಾಗಿದೆ.

ಮಾರ್ಚ್ ೫, ಗುರುವಾರ

ಹೊಸ ತೀರ್ಮಾನ. ಬಟ್ಟೆ ಕಡಿಮೆ ಬಿದ್ದರೆ ನಕ್ಷೆ ಬದಲಾಯಿಸಬೇಕು, ಅಳುತ್ತ ಕೂರುವುದಲ್ಲ. ಗಾಜಿನ ಕೋಣೆ ಅಡುಗೆಮನೆಯ ಗೋಡೆಗೆ ಮಾತ್ರ. ಹದಿನಾರಡಿ ಬೇಡ, ಎಂಟಡಿ ಸಾಕು. ಕಿಟಕಿ ಇದ್ದ ಹಾಗೇ ಇರುತ್ತದೆ. ಎಂಟಡಿಯಲ್ಲಿ ಹತ್ತಡಿ ಮೇಜು ಹಿಡಿಸುವುದಿಲ್ಲ, ಸುತ್ತ ಸಡಿಲು ಬಿಟ್ಟರೆ ನಾಲ್ಕಡಿಯ ಮೇಜು. ಹಾಗಾದರೆ ಮೇಜು ಕತ್ತರಿಸಬೇಕು.

ಮೇಸ್ತ್ರಿಗೆ ಹೇಳಿ ಬಡಗಿಯನ್ನು ಕರೆಸಿದೆ. ಬಡಗಿ ಮೇಜು ತಟ್ಟಿ ನೋಡಿ, "ಇಂಥ ಮರ ಈಗ ಸಿಗಲ್ಲ, ಕತ್ತರಿಸೋಕೆ ನನ್ನ ಕೈ ಬರಲ್ಲ" ಎಂದ. ನನ್ನ ಕೈ ಬರುತ್ತದೆ ಎಂದು ಸೀಮೆಸುಣ್ಣ ತೆಗೆದುಕೊಂಡು ಅಡ್ಡಡ್ಡ ಗೆರೆ ಎಳೆದೆ. ಮೂವತ್ತೆಂಟು ವರ್ಷ ಆ ಮೇಜಿನ ಮೇಲೆ ಬಟ್ಟೆಗೆ ಗೆರೆ ಎಳೆದಿದ್ದೇನೆ, ಮೇಜಿಗೇ ಎಳೆದಿರಲಿಲ್ಲ. ಅಷ್ಟರಲ್ಲಿ ಪುಟ್ಟಿ ಅಡುಗೆಮನೆಯಿಂದ ಬಂದಳು. ನಾನು ಕಿಟಕಿಯ ಬಟ್ಟೆಯನ್ನೂ ಕಿತ್ತಿದ್ದೆ, ರಾಡನ್ನೂ ಸರಿಸಿದ್ದೆ. ನಿನಗಾಗಿ ಮಾಡುತ್ತಿದ್ದೇನೆ, ಹೆದರಬೇಡ ಎಂದೆ.

ಅವಳ ಮುಖ ಕೆಂಪಾಯಿತು. ಇಂಥದ್ದನ್ನು ನಾನು ನೋಡಿರಲಿಲ್ಲ.

"ನಿನಗೆ ಯಾರು ಹೇಳಿದ್ರು?" ಎಂದಳು. "ಮುಚ್ಚು ಅಂದಾಗ್ಲೂ ನೀನೇ ಅಂದೆ. ಈಗ ತೆಗಿ ಅನ್ನೋವಾಗ್ಲೂ ನೀನೇ ಅಂತೀಯ. ನಾನು ಒಳಗೆ ಕೂತು ಎರಡೂ ಕೇಳಿಸ್ಕೋಬೇಕು. ಅಪ್ಪ ಹಿಂದಿನ ರೂಮು ಪುಟ್ಟಿಗೆ ಅಂದ್ರು, ಹೋದೆ. ಅಣ್ಣ ಗೋಡೆಗೆ ಹಸಿರು ಬಣ್ಣ ಅಂದ, ಆಯ್ತು. ಈ ಮನೇಲಿ ನಲವತ್ತು ವರ್ಷದಿಂದ ನನ್ನ ಒಳ್ಳೇದನ್ನ ಎಲ್ಲರೂ ಮಾಡ್ತಿದೀರ. ನಿನಗೇನು ಬೇಕು ಪುಟ್ಟಿ ಅಂತ ಒಬ್ಬರು, ಒಂದು ಸಲ ಕೇಳಿದೀರಾ?"

ಬಡಗಿ ಟೇಪು ಮಡಿಸಿಕೊಂಡು ಮನೆ ಪಕ್ಕದ ಓಣಿಯ ಕಡೆ ಜಾರಿದ. ಇವರು ಬಾಗಿಲಲ್ಲಿ ನಿಂತಿದ್ದವರು ಒಳಗೆ ಹೋಗಿ ಎನ್ನಲಿಲ್ಲ, ತಾವೇ ಒಳಗೆ ಹೋದರು.

ನಾನು ಸೀಮೆಸುಣ್ಣ ಕೆಳಗಿಟ್ಟೆ. 

"ನಿನಗೇನು ಬೇಕು?" ಎಂದೆ.

ಅವಳಿಗೆ ಸಿಟ್ಟು ಇಳಿದು ಗಾಬರಿಯಾದ ಹಾಗಿತ್ತು.

"ಗೊತ್ತಿಲ್ಲ" ಎಂದಳು. "ಯೋಚನೆ ಮಾಡ್ಬೇಕು. ಯಾರೂ ಕೇಳೇ ಇರ್ಲಿಲ್ಲವಲ್ಲ."

ಮಾರ್ಚ್ ೬, ಶುಕ್ರವಾರ

ಕೇಳಲಿಲ್ಲ. ಕಾಯುತ್ತಿದ್ದೇನೆ. ನನಗೆ ಕಾಯಲು ಬರುವುದಿಲ್ಲ.

ಮಾರ್ಚ್ ೭, ಶನಿವಾರ

ಎರಡು ಸಲ ನಾಲಿಗೆಯ ತುದಿಗೆ ಬಂತು. ಗುಂಡುಸೂಜಿ ಕಚ್ಚಿಕೊಂಡು ಕೂತೆ. ಅವಳು ಮನೆಯೆಲ್ಲ ಸುತ್ತುತ್ತಿದ್ದಾಳೆ. ನಡುಮನೆಯಲ್ಲಿ ನಿಲ್ಲುತ್ತಾಳೆ, ಅಡುಗೆಮನೆಯಲ್ಲಿ ನಿಲ್ಲುತ್ತಾಳೆ, ಮುಂದಿನ ಕೋಣೆಯ ಕಿಟಕಿಯಲ್ಲಂತೂ ಒಂದು ಗಂಟೆ ನಿಂತಿದ್ದಳು. ಮನೆ ಕೊಳ್ಳಲು ಬಂದವರ ಹಾಗೆ.

ಮಾರ್ಚ್ ೯, ಸೋಮವಾರ

ಮೇಸ್ತ್ರಿ ಬಂದು ಕೂತಿದ್ದ. ಎಂಟಡಿಯೋ ಹದಿನಾರಡಿಯೋ ಎಂದು ಕೇಳಿದ. ನನಗೆ ಗೊತ್ತಿಲ್ಲ, ನಾದಿನಿಯನ್ನು ಕೇಳು ಎಂದೆ. ಪುಟ್ಟಿ ಬಂದಳು, ನೆಟ್ಟಗೆ ನಿಂತಳು, ಪಾಠ ಒಪ್ಪಿಸುವವಳ ಹಾಗೆ ಶುರು ಮಾಡಿದಳು.

"ನನಗೆ ಮುಂದಿನ ರೂಮು ಬೇಕು."

ಯಾರಿಗೂ ಅರ್ಥವಾಗಲಿಲ್ಲ. ಇವರು, "ಅದು ಕತ್ತಲಲ್ಲವೇನೇ ಪುಟ್ಟಿ, ಎದುರುಗಡೆ ಬಿಲ್ಡಿಂಗು" ಎಂದರು.

"ಅಣ್ಣಾ, ಆ ಬಿಲ್ಡಿಂಗಲ್ಲಿ ಜನ ಇದಾರೆ. ಮೊದಲ ಮಹಡಿಯಲ್ಲಿ ಒಬ್ಬರು ದಿನಾ ಪಿಟೀಲು ಕಲೀತಾರೆ, ಬರಲ್ಲ. ಮೇಲೆ ಒಂದು ಮಗು ಕಿಟಕಿಗೆ ಮೂಗು ಒತ್ತಿಕೊಂಡು ನಿಂತಿರುತ್ತೆ. ಬೀದಿಲಿ ಓಡಾಡೋರು ಎಲ್ಲ ಕಾಣ್ತಾರೆ. ಮೂವತ್ತು ವರ್ಷ ನಾನು ಬರೀ ದನಿ ಕೇಳಿದೀನಿ, ಒಂದು ಮುಖ ನೋಡಿಲ್ಲ. ಮನೆಗೆ ಬಂದ್ರೆ ಹಿಂದುಗಡೆ ಕಾಂಪೌಂಡ್ ಗೋಡೆ. ಹಿಂದಿನ ಕಿಟಕಿ ಬೇಕು ಅಂತ ನಾನು ಯಾವತ್ತು ಅಂದೆ? ಅದು ಇದ್ದಿದ್ದು ಒಂದೇ ಕಿಟಕಿ, ಅಷ್ಟೆ."

ಆಮೇಲೆ ನನ್ನ ಕಡೆ ತಿರುಗಿದಳು. "ನನ್ನ ರೂಮಿನ ಗೋಡೆ ಒಡೆಸಿ ನಿನ್ನ ಗಾಜಿನ ರೂಮಿಗೆ ಸೇರಿಸ್ಕೋ. ಟ್ರಯಲ್ ಅಲ್ಲಿ ನೋಡ್ಲಿ, ಊರಿಗೆ ಕಾಣಲ್ಲ. ಗಿರಾಕಿಗಳು ಓಣಿ ಕಡೆಯಿಂದ ಬರ್ಲಿ. ನಾನು ಮಧ್ಯಾಹ್ನ ಬಿಚ್ಚೋಕೆ ಬರ್ತೀನಿ. ಬೆಳಿಗ್ಗೆ ಬರಲ್ಲ, ಬೆಳಿಗ್ಗೆ ಬೀದಿಲಿ ಜನ ಜಾಸ್ತಿ."

ಮೇಸ್ತ್ರಿ ನನ್ನ ಕಂದು ಕಾಗದ ತೆಗೆದು ನೋಡಿ, "ಇವರು ಹೇಳಿದ್ದೇ ಸರಿಯಾಗಿ ಕೂರುತ್ತೆ ಅಮ್ಮಾ" ಎಂದ. ನನಗೂ ಕಂಡಿತು. ಒಂದು ತಿಂಗಳು ಆ ನಕ್ಷೆಯ ಮೇಲೆ ಮೊಣಕೈ ಊರಿ ಕೂತಿದ್ದೆ, ಆ ಗೋಡೆಯ ಒಳಗಡೆ ಏನಿದೆ ಎಂದು ಯೋಚಿಸಿರಲಿಲ್ಲ. ಹೊರಗಿನ ಅಳತೆ ಮಾತ್ರ ತೆಗೆದುಕೊಂಡಿದ್ದೆ.

ಮೇಜಿನ ಮೇಲಿನ ಗೆರೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಮಾರ್ಚ್ ೧೭, ಮಂಗಳವಾರ

ಪಾಯ ತೋಡುತ್ತಿದ್ದಾರೆ. ಕಚ್ಚಾ ಕೋಣೆಯ ಟಾಕಗಳನ್ನು ಪುಟ್ಟಿ ಬಿಚ್ಚಿದಳು, ಬಟ್ಟೆಗಳನ್ನು ನಾನು ಮಡಿಸಿದೆ. ಗಾಜಿನವನು ಅಳತೆಗೆ ಬಂದಿದ್ದ. ನಮ್ಮ ಕೋಣೆಗೆ ಯಾವ ಗಾಜು ಎಂದು ಕೇಳಿದಾಗ ತೀರಾ ತಿಳಿಯಾದದ್ದು ಬೇಡ, ಸ್ವಲ್ಪ ಹಾಲುಬಣ್ಣದ್ದು ಹಾಕು, ನೆರಳು ಬೀಳಬಾರದು ಎಂದೆ. ಸೂರಿಗೆ ಮಾತ್ರ ಯಾವುದಿರಲಿ ಎಂ‍ದು ಪುಟ್ಟಿಯನ್ನು ಕೇಳಿದೆ. ತಿಳಿಯಾದದ್ದೇ ಇರಲಿ ಎಂದಳು.

ಮಾರ್ಚ್ ೨೦, ಶುಕ್ರವಾರ

ಪುಟ್ಟಿ ಮುಂದಿನ ಕೋಣೆಗೆ ಬಂದಾಯಿತು. ನನ್ನ ಯಂತ್ರ ಸದ್ಯಕ್ಕೆ ನಡುಮನೆಯಲ್ಲಿದೆ, ದೀಪದಲ್ಲಿ ಕೆಲಸ, ಬಿಳಿ ಬಟ್ಟೆ ಮಾತ್ರ ತೆಗೆದುಕೊಳ್ಳುತ್ತಿದ್ದೇನೆ. ಕರಿ ಕೋಟುಗಳೆಲ್ಲ ಗಾಜು ಕೂರುವವರೆಗೆ ಕಾಯಲಿ. ವಕೀಲರಿಗೂ ಹಾಗೇ ಹೇಳಿದೆ, ಒಪ್ಪಿದರು.

ಮಂಚ ಎಲ್ಲಿರಲಿ ಎಂದು ಕೇಳಿದೆ. ಮೂರು ಸಲ ಜಾಗ ಬದಲಾಯಿಸಿದಳು. ಪ್ರತಿ ಸಲವೂ ನಾನೂ ಇವರೂ ಎತ್ತಿದೆವು, ನನ್ನ ಸೊಂಟ ಹಿಡಿದುಕೊಂಡಿತು, ಆದರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಬೀದಿಯ ಕಿಟಕಿಗೆ ಒರಗಿಸಿ ಹಾಕಿಸಿಕೊಂಡಳು. ಆಮೇಲೆ ನಾನು ಅವಳಿಗೆಂದು ಒಂದು ವಾರದಿಂದ ಹೊಲಿದಿಟ್ಟಿದ್ದ ಪರದೆ ತಂದೆ. ಒಳ್ಳೆಯ ಬಟ್ಟೆ, ತಿಳಿ ಹಳದಿ, ಅಂಚಿಗೆ ಕೈಹೊಲಿಗೆ, ಮೇಲೆ ನೆರಿಗೆ. ಬೀದಿಯ ಜನರ ಕಣ್ಣು ನೇರ ಮಂಚಕ್ಕೇ ಬೀಳುತ್ತದಲ್ಲ, ಅವಳಿಗೆ ಬೇಕಾಗುತ್ತದೆ ಎಂದುಕೊಂಡಿದ್ದೆ. ಸ್ಟೂಲ್ ಹತ್ತಿ ಕೊಂಡಿಗೆ ಸಿಕ್ಕಿಸಲು ಕೈ ಎತ್ತಿದೆ.

"ಬೇಡ" ಎಂದಳು ಪುಟ್ಟಿ.

ಪರದೆ ಮಡಿಸಿಕೊಂಡು ಸ್ಟೂಲಿನಿಂದ ಇಳಿದೆ.